ಕಳೆ ಕಿತ್ತು, ನೀರು ನಿಲ್ಲಿಸಿ, ಜಾಗ ಉಳಿಸುವ ಕೆಲಸ: ಶುರು ಮಾಡುವವರಿಗೆ ಪೂರ್ತಿ ಮಾರ್ಗದರ್ಶಿ

ನಾನು ಮೊದಲ ಸಲ ಲಂಟಾನ ಅನ್ನುವ, ಹೊರಗಿಂದ ಬಂದು ಹಬ್ಬುವ ಮುಳ್ಳುಪೊದೆ ಕಡಿದದ್ದು ಒಂದು ಸಣ್ಣ ಗುಡ್ಡದ ಇಳಿಜಾರಿನಲ್ಲಿ. ಹನ್ನೆರಡು ಜನ ಇದ್ದೆವು. ಮೂರೇ ದಿನಕ್ಕೆ ಇಡೀ ಇಳಿಜಾರು ಬೋಳು. ಎಲ್ಲರೂ ಖುಷಿಯಿಂದ ಮನೆಗೆ ಹೋದೆವು. ಮಳೆ ಕಳೆದ ಮೇಲೆ ಮತ್ತೆ ಹೋಗಿ ನೋಡಿದರೆ, ಕಡಿದ ಬುಡಗಳೆಲ್ಲ ಒಂದಕ್ಕೆ ಐದಾಗಿ ಚಿಗುರಿ ಮೊಣಕಾಲೆತ್ತರ ನಿಂತಿದ್ದವು, ಖಾಲಿ ಬಿದ್ದ ನೆಲದ ತುಂಬ ಪಾರ್ಥೇನಿಯಂ ಕಳೆ ಬಿಳಿ ಹೂ ಬಿಟ್ಟಿತ್ತು, ಮೇಲ್ಮಣ್ಣು ಕೊಚ್ಚಿಹೋಗಿ ಅಲ್ಲಲ್ಲಿ ಕೊರಕಲು ಬಿದ್ದಿತ್ತು. ನಾವು ಕೈ ಹಾಕದೇ ಇದ್ದಿದ್ದರೆ ಆ ಜಾಗ ಅದಕ್ಕಿಂತ ಚೆನ್ನಾಗಿರುತ್ತಿತ್ತು.

ಆಮೇಲೆ ಅದೇ ಇಳಿಜಾರಿಗೆ ವರ್ಷಗಟ್ಟಲೆ ಹೋಗಿದ್ದೇನೆ. ಹುಲ್ಲುಗಾವಲು, ಕೊಳದ ಅಂಚು, ಹಳ್ಳದ ದಂಡೆಗಳಲ್ಲೂ ಕೆಲಸ ಮಾಡಿದ್ದೇನೆ. ಪುಸ್ತಕದಲ್ಲಿ ಇದನ್ನು ಆವಾಸ ನಿರ್ವಹಣೆ ಅನ್ನುತ್ತಾರೆ. ಒಂದು ಜಾಗದಲ್ಲಿ ಅಲ್ಲಿನದೇ ಗಿಡ, ಹುಳ, ಹಕ್ಕಿ, ಕಪ್ಪೆಗಳು ಬದುಕುವ ಹಾಗೆ ನೋಡಿಕೊಳ್ಳಲು ಕೈಯಾರೆ ಮಾಡುವ ಕೆಲಸ, ಅಷ್ಟೇ. ಅದರಲ್ಲಿ ಕಡಿಯೋದು ಸುಲಭದ ಭಾಗ. ಕಡಿದ ಜಾಗಕ್ಕೆ ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ಬರೋದೇ ನಿಜವಾದ ಕೆಲಸ. ಕೆಳಗಿನದನ್ನೆಲ್ಲ ಆ ಲೆಕ್ಕದಲ್ಲೇ ಬರೆದಿದ್ದೇನೆ.

1. ಯಾರ ಜೊತೆ ಶುರು ಮಾಡಬೇಕು

ಒಬ್ಬರೇ ಹೋಗಬೇಡಿ. ಜಾಗ ಯಾರದ್ದೇ ಆಗಿರಲಿ, ಬರಹದಲ್ಲಿ ಅನುಮತಿ ಇಲ್ಲದೆ ಒಂದು ಕೊಂಬೆಯನ್ನೂ ಮುಟ್ಟಬೇಡಿ. ಸ್ವಯಂಸೇವಕರ ತಂಡ ಸೇರುವುದು ಒಳ್ಳೆಯ ದಾರಿ. ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: ಮೂರು ವರ್ಷದ ಹಿಂದೆ ನೀವು ಕೆಲಸ ಮಾಡಿದ ಜಾಗ ತೋರಿಸ್ತೀರಾ? ತೋರಿಸಿದರೆ, ಅಲ್ಲಿ ತಪ್ಪಾದದ್ದನ್ನೂ ಮುಚ್ಚಿಡದೆ ಹೇಳಿದರೆ, ಅದು ಕಲಿಯಲು ಯೋಗ್ಯ ತಂಡ. ಪ್ರತಿ ವಾರ ಹೊಸ ಜಾಗಕ್ಕೆ ಹೋಗಿ ಫೋಟೋ ತೆಗೆದು ಬರುವ ತಂಡದಲ್ಲಿ ಗೆಳೆಯರು ಸಿಗುತ್ತಾರೆ, ಕೆಲಸ ಕಲಿಯಲು ಆಗಲ್ಲ.

2. ಕತ್ತಿ ಹಿಡಿಯುವ ಮುಂಚೆ ನೋಡಿ

ಸಾಧ್ಯವಾದರೆ ಒಂದು ಇಡೀ ವರ್ಷ ಜಾಗವನ್ನು ನೋಡಿ. ಆಗದಿದ್ದರೆ ಕನಿಷ್ಠ ಬೇಸಿಗೆಯಲ್ಲಿ ಒಮ್ಮೆ, ಮಳೆ ಸುರಿಯುವಾಗ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನಡೆಯಿರಿ. ಕೈಯಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಪೆನ್ ಒದ್ದೆಯಾದರೆ ಬರೆಯಲ್ಲ. ಜಾಗದ ನಕ್ಷೆಯನ್ನು ಕೈಯಿಂದಲೇ ಬರೆಯಿರಿ, ಚಂದ ಇರಬೇಕಾಗಿಲ್ಲ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಎಲ್ಲಿ ಮಣ್ಣು ಕೊಚ್ಚಿದೆ, ಎಲ್ಲಿ ಅಲ್ಲಿನದೇ ಗಿಡಗಳು ದಟ್ಟವಾಗಿವೆ, ಎಲ್ಲಿ ಹೊರಗಿಂದ ಬಂದ ಕಳೆ ಜಾಸ್ತಿ, ಗೂಡು, ಬಿಲ, ಹುತ್ತ ಎಲ್ಲಿವೆ, ಇಷ್ಟನ್ನು ಗುರುತು ಹಾಕಿ.

ಗಿಡಗಳನ್ನು ಎಳೆ ಸಸಿಯಲ್ಲೇ ಗುರುತಿಸಲು ಕಲಿಯಿರಿ. ಹೂ ಬಿಟ್ಟ ಮೇಲೆ ಯಾರು ಬೇಕಾದರೂ ಹೇಳುತ್ತಾರೆ. ಎರಡು ಎಲೆ ಬಂದಾಗ ಇದು ಉಳಿಸಬೇಕಾದದ್ದೋ ಕೀಳಬೇಕಾದದ್ದೋ ಅಂತ ಗೊತ್ತಾದರೆ ಅರ್ಧ ಕೆಲಸ ಕಲಿತ ಹಾಗೆ. ವಾರಕ್ಕೆ ಐದು ಗಿಡ ಸಾಕು. ಎಲೆ ಉಜ್ಜಿ ವಾಸನೆ ನೋಡಿ, ಕಾಂಡದ ಮೂಲೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿ (ಪಾರ್ಥೇನಿಯಂ ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ತುಂಬ ಜನರಿಗೆ ಚರ್ಮ ಕೆರೆತ, ಉಬ್ಬಸ ಬರುತ್ತದೆ).

ಇಷ್ಟೆಲ್ಲ ಯಾಕೆ ನೋಡಬೇಕು ಅಂದರೆ, ಜಾಗಕ್ಕೆ ಏನು ಬೇಕು ಅನ್ನೋದು ಮೇಲ್ನೋಟಕ್ಕೆ ಗೊತ್ತಾಗಲ್ಲ. ಬ್ರಿಟನ್ನಿನಲ್ಲಿ ಲಾರ್ಜ್ ಬ್ಲೂ ಅನ್ನುವ ನೀಲಿ ಚಿಟ್ಟೆ 1979ರಲ್ಲಿ ಪೂರ್ತಿ ಅಳಿದುಹೋಯಿತು. ಅದಕ್ಕೂ ಮುಂಚೆ ಅದನ್ನು ಉಳಿಸಲು ಬೇಲಿ ಹಾಕಿದ್ದರು, ಅದರಿಂದ ಮೇಯುವ ಪ್ರಾಣಿಗಳೂ ಒಳಗೆ ಬರದಾದವು. ಆದರೆ ಆ ಚಿಟ್ಟೆಯ ಮರಿಹುಳು ಸ್ವಲ್ಪ ದಿನ ಗಿಡ ತಿಂದು, ಆಮೇಲೆ ಒಂದು ಜಾತಿಯ ಕೆಂಪಿರುವೆಯ ಗೂಡಿನೊಳಗೆ ಬೆಳೆಯುತ್ತದೆ. ಆ ಇರುವೆಗೆ ಬಿಸಿಲು ತಾಗುವ ಬೆಚ್ಚಗಿನ ನೆಲ ಬೇಕು, ಅಂದರೆ ಗಿಡ್ಡ ಹುಲ್ಲು ಬೇಕು. ಮೇಯುವ ಪ್ರಾಣಿಗಳು ಇಲ್ಲದಾಗ ಹುಲ್ಲು ಕೆಲವು ಸೆಂಟಿಮೀಟರ್ ಎತ್ತರವಾಯಿತು, ನೆಲ ತಂಪಾಯಿತು, ಇರುವೆ ಹೋಯಿತು, ಹಿಂದೆಯೇ ಚಿಟ್ಟೆಯೂ ಹೋಯಿತು. ವಿಜ್ಞಾನಿ ಜೆರೆಮಿ ಥಾಮಸ್ ವರ್ಷಗಟ್ಟಲೆ ಹುಲ್ಲಿನಲ್ಲಿ ಕೂತು ಇದನ್ನು ಕಂಡುಹಿಡಿದರು. ಮತ್ತೆ ಮೇಯಿಸಿ, ಹುಲ್ಲು ಗಿಡ್ಡ ಮಾಡಿ, 1983ರಿಂದ ಸ್ವೀಡನ್ನಿನ ಚಿಟ್ಟೆಗಳನ್ನು ತಂದು ಬಿಟ್ಟರು, ಈಗ ಅಲ್ಲಿ ಅವು ಹಾರುತ್ತಿವೆ. ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮದಲ್ಲೂ 1982ರಲ್ಲಿ ಎಮ್ಮೆ ಮೇಯಿಸುವುದನ್ನು ನಿಲ್ಲಿಸಿದ ಮೇಲೆ ಒಂದು ಜಾತಿಯ ಹುಲ್ಲು ನೀರಿನ ತುಂಬ ಹಬ್ಬಿ ಹಕ್ಕಿಗಳಿಗೆ ತೆರೆದ ನೀರು ಕಡಿಮೆಯಾಯಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು ಅದು, ಅಲ್ವಾ? ಅದಕ್ಕೇ ನೋಡಿ ಅನ್ನುತ್ತಿರುವುದು.

3. ಎಲ್ಲಿಂದ ಶುರು: ಚೆನ್ನಾಗಿರುವ ಕಡೆಯಿಂದ

ಇದೊಂದು ವಿಷಯ ನನಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಎಷ್ಟೋ ವರ್ಷ ಉಳಿಯುತ್ತಿತ್ತು. ಎಲ್ಲರಿಗೂ ಕಳೆ ಅತಿ ದಟ್ಟವಾಗಿರುವ ಕಡೆಗೇ ಕೈ ಹೋಗುತ್ತದೆ. ಮಾಡಬೇಕಾದದ್ದು ಉಲ್ಟಾ. ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಅನ್ನುವ ಅಕ್ಕತಂಗಿಯರು 1960ರ ದಶಕದಲ್ಲಿ ತಮ್ಮ ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ಕೈಯಿಂದ ಕಳೆ ಕೀಳುತ್ತ ಒಂದು ಪದ್ಧತಿ ಕಂಡುಕೊಂಡರು. ಮೂರು ಮಾತು ಅದು. ಚೆನ್ನಾಗಿರುವ ಜಾಗದಿಂದ ಹಾಳಾದ ಜಾಗದ ಕಡೆಗೆ ಹೋಗಿ. ಮಣ್ಣನ್ನು ಆದಷ್ಟು ಕೆದಕಬೇಡಿ, ಕೆದಕಿದರೆ ತರಗೆಲೆ ಮತ್ತೆ ಮುಚ್ಚಿ. ಅಲ್ಲಿನ ಗಿಡಗಳು ಖಾಲಿ ಜಾಗ ತುಂಬುವ ವೇಗಕ್ಕಿಂತ ಜೋರಾಗಿ ಹೋಗಬೇಡಿ.

ಯಾಕೆ ಅಂದರೆ, ಚೆನ್ನಾಗಿರುವ ತುಂಡಿನಲ್ಲಿ ಬೀಜ ಇದೆ, ಬೇರಿದೆ, ನೆರಳಿದೆ. ಅದರ ಅಂಚಿನಲ್ಲಿ ನೀವು ಎರಡು ಮೀಟರ್ ಅಗಲ ಬಿಡಿಸಿದರೆ ಅದೇ ಆ ಎರಡು ಮೀಟರ್‌ಗೆ ಹಬ್ಬುತ್ತದೆ. ದಟ್ಟ ಕಳೆಯ ನಡುವೆ ಎರಡು ಮೀಟರ್ ಬಿಡಿಸಿದರೆ ಸುತ್ತಲ ಕಳೆಯೇ ಮತ್ತೆ ತುಂಬುತ್ತದೆ. ಹಾಗಾಗಿ ನಕ್ಷೆಯಲ್ಲಿ ಚೆನ್ನಾಗಿರುವ ತುಂಡುಗಳಿಗೆ ಸುತ್ತು ಹಾಕಿ, ಅವುಗಳ ಅಂಚಿನಿಂದ ಹೊರಕ್ಕೆ ಪಟ್ಟಿ ಪಟ್ಟಿಯಾಗಿ ಕೆಲಸ ಹಂಚಿ. ಈ ವರ್ಷ ಬಿಡಿಸಿದಷ್ಟು ಜಾಗಕ್ಕೆ ಮುಂದಿನ ವರ್ಷ ಮೂರು ನಾಲ್ಕು ಸಲ ಬರಲು ಜನ ಸಿಗುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಸಿಗಲ್ಲ ಅನ್ನಿಸಿದರೆ ಪಟ್ಟಿ ಚಿಕ್ಕದು ಮಾಡಿ.

ಗೂಡು ಕಟ್ಟುವ ಕಾಲದಲ್ಲಿ ಪೊದೆ ಕಡಿಯಬೇಡಿ. ಕಳೆಯ ಪೊದೆಯಲ್ಲೂ ಹಕ್ಕಿ ಗೂಡು ಕಟ್ಟಿರುತ್ತದೆ. ಬೇರೆ ಮರೆ ಬೆಳೆಯುವ ತನಕ ಸ್ವಲ್ಪ ಕಳೆ ಪೊದೆಯನ್ನು ಹಾಗೇ ಬಿಡಬೇಕಾಗುತ್ತದೆ.

4. ಸಲಕರಣೆ, ಮೈಕೈ

ಪಿಕಾಸಿ, ಗುದ್ದಲಿ, ಮಚ್ಚು, ಉದ್ದ ಹಿಡಿಯ ಕತ್ತರಿ, ಬಿಲ್ಲು ಗರಗಸ. ಶುರುವಿಗೆ ಇಷ್ಟು ಸಾಕು. ಜೊತೆಗೆ ಅಲಗು ಮಸೆಯಲು ಒಂದು ಅರ ಇಟ್ಟುಕೊಳ್ಳಿ. ಮೊಂಡು ಕತ್ತಿಯೇ ಅಪಾಯ, ಅದು ಜಾರುತ್ತದೆ, ನೀವು ಜಾಸ್ತಿ ಬಲ ಹಾಕುತ್ತೀರಿ. ಅರವನ್ನು ಅಲಗಿನ ಓರೆಗೆ ತಕ್ಕ ಹಾಗೆ ಒಂದೇ ದಿಕ್ಕಿಗೆ ತಳ್ಳಿ, ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ಹೊರಡುವ ಹಿಂದಿನ ದಿನ ಹತ್ತು ನಿಮಿಷ ಇದಕ್ಕೆ ಕೊಡಿ.

ದಪ್ಪ ಬಟ್ಟೆಯ ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು. ಬೀಸುವ ಕೆಲಸ ಇದ್ದಾಗ ಇಬ್ಬರ ನಡುವೆ ತೋಳು ಮತ್ತು ಸಲಕರಣೆ ಚಾಚಿದ ಉದ್ದದ ಎರಡರಷ್ಟು ದೂರ ಇರಲಿ. ನಡೆಯುವಾಗ ಸಲಕರಣೆಯನ್ನು ಹೆಗಲ ಮೇಲೆ ಇಡಬೇಡಿ, ಪಕ್ಕದಲ್ಲಿ ಕೆಳಗೆ ಹಿಡಿಯಿರಿ. ಇಳಿಜಾರಿನಲ್ಲಿ ತಗ್ಗಿನ ಕಡೆಯ ಕೈಯಲ್ಲಿ ಹಿಡಿಯಿರಿ, ಜಾರಿದರೆ ಅದನ್ನು ಆ ಕಡೆ ಎಸೆಯಬಹುದು. ಪೊದೆಗೆ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ, ಒಂದು ನಿಮಿಷ ನಿಲ್ಲಿ. ಹಾವು, ಕಣಜ ಇದ್ದರೆ ಗೊತ್ತಾಗುತ್ತದೆ. ಚೈನ್‌ಸಾ ತರಬೇತಿ ಇಲ್ಲದೆ ಮುಟ್ಟುವುದೇ ಬೇಡ.

ಬಿಸಿಲಲ್ಲಿ ಬಾಯಾರಿದ ಮೇಲೆ ನೀರು ಕುಡಿದರೆ ತಡವಾಗಿರುತ್ತದೆ. ಅರ್ಧ ಗಂಟೆಗೊಮ್ಮೆ ಕುಡಿಯಿರಿ, ಮಾತು ತೊದಲುವವರನ್ನು, ಬೆವರು ನಿಂತವರನ್ನು ತಕ್ಷಣ ನೆರಳಿಗೆ ಕರೆತಂದು ಮೈ ಒದ್ದೆ ಮಾಡಿ, ಕೂಡಲೇ ಆಸ್ಪತ್ರೆಗೆ ಒಯ್ಯಲು ವ್ಯವಸ್ಥೆ ಮಾಡಿ.

ಇನ್ನೊಂದು ಮಾತು, ಬೂಟು ತೊಳೆಯೋದು. ಒಂದು ಜಾಗದ ಕೆಸರು ಇನ್ನೊಂದು ಜಾಗಕ್ಕೆ ಹೋಗಬಾರದು. ಅದರಲ್ಲಿ ಕಳೆಬೀಜ ಇರುತ್ತದೆ. ಗಿಡದ ಬೇರು ಕೊಳೆಸುವ ಫೈಟೊಫ್ಥೊರ ಇರಬಹುದು, ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಇರಬಹುದು. ಹೊರಡುವ ಮುಂಚೆ ಅಲ್ಲೇ ಬ್ರಷ್ ಹಾಕಿ ಮಣ್ಣು ಉದುರಿಸಿ, ಮನೆಗೆ ಬಂದು ತೊಳೆದು ಪೂರ್ತಿ ಒಣಗಿಸಿ. ಕೆಸರು ಹೋದರಷ್ಟೇ ಸಾಲದು, ಒಳಗಿನ ತೇವವೂ ಆರಬೇಕು.

5. ಕೀಳುವುದು, ಕಡಿಯುವುದು

ಪ್ರತಿ ಕಳೆಗೂ ಒಂದು ದುರ್ಬಲ ಜಾಗ ಇರುತ್ತದೆ, ಒಂದು ದುರ್ಬಲ ಕಾಲವೂ ಇರುತ್ತದೆ. ಎರಡೂ ಗೊತ್ತಿದ್ದರೆ ಶ್ರಮ ಕಾಲುಭಾಗಕ್ಕೆ ಇಳಿಯುತ್ತದೆ.

ಲಂಟಾನವನ್ನೇ ನೋಡೋಣ. ನಾವು ಆ ಇಳಿಜಾರಿನಲ್ಲಿ ಮಾಡಿದ ತಪ್ಪು, ಅದನ್ನು ನೆಲಮಟ್ಟದಲ್ಲಿ ಕಡಿದದ್ದು. ಲಂಟಾನ ಚಿಗುರುವುದು ಕಾಂಡ ಮುಗಿದು ಬೇರು ಶುರುವಾಗುವ ಕಡೆ ಇರುವ ಗಂಟಿನಿಂದ. ಆ ಗಂಟು ಉಳಿದರೆ ಗಿಡ ಉಳಿಯಿತು. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ಕಾರ್ಬೆಟ್ ಹುಲಿ ಮೀಸಲಿನಲ್ಲಿ ಮಾಡಿ ತೋರಿಸಿದ ವಿಧಾನ ಇದಕ್ಕೆ ಸರಿಯಾದ ಉತ್ತರ. ನಾನು ಹೀಗೆ ಮಾಡುತ್ತೇನೆ. ಮೊದಲು ಉದ್ದ ಕತ್ತರಿಯಿಂದ ಸುತ್ತಲ ಮುಳ್ಳುಕೊಂಬೆ ತೆಗೆದು ಬುಡಕ್ಕೆ ದಾರಿ ಮಾಡಿಕೊಳ್ಳುತ್ತೇನೆ, ಸೊಂಟದೆತ್ತರದ ಕಾಂಡ ಮಾತ್ರ ಹಿಡಿಯಂತೆ ಬಿಡುತ್ತೇನೆ. ಮೊಣಕಾಲೂರಿ ಕೂತು ಬುಡದ ತರಗೆಲೆಯನ್ನು ಕೈಯಿಂದ ಸರಿಸಿದರೆ, ಬೂದು ಕಾಂಡ ಕೆಳಗೆ ಹೋಗುತ್ತ ದಪ್ಪಗಾಗಿ ಉಬ್ಬಿರುವುದು ಕಾಣುತ್ತದೆ. ಆ ಉಬ್ಬಿನ ಕೆಳಗೆ ಸಿಪ್ಪೆಯ ಬಣ್ಣ ಬದಲಾಗಿ ಬೇರು ಶುರುವಾಗುತ್ತದೆ. ಒಂದು ಬದಿಯಿಂದ ಮಾತ್ರ, ಒಂದು ಗೇಣಿಗಿಂತ ಕಡಿಮೆ ಆಳದ ಸಣ್ಣ ಗುಂಡಿ ಸಾಕು. ಪಿಕಾಸಿಯ ಅಗಲ ಅಲಗನ್ನು ಉಬ್ಬಿನ ಕೆಳಗೆ ಓರೆಯಾಗಿ ಇಟ್ಟು ತಾಯಿಬೇರನ್ನು ಕಡಿಯಬೇಕು. ಸರಿಯಾಗಿ ತುಂಡಾದಾಗ ಪೂರ್ತಿ ಗಿಡ ಒಮ್ಮೆಲೆ ಸಡಿಲವಾಗುತ್ತದೆ, ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ಎತ್ತಿ ಮಣ್ಣು ಅಲ್ಲೇ ಒದರಿ, ಬೇರು ಮೇಲೆ ಮಾಡಿ ತಲೆಕೆಳಗಾಗಿ ಒಣಗಲು ಇಡಿ. ಗುಂಡಿಗೆ ಮಣ್ಣು ಎಳೆದು, ತರಗೆಲೆ ಮತ್ತೆ ಹಾಸಿ, ಅಂಗೈಯಲ್ಲಿ ಒತ್ತಿ. ಹೂ, ಹಣ್ಣು ಇಲ್ಲದಾಗ ಮಾಡಿದರೆ ಒಳ್ಳೆಯದು. ಕಪ್ಪು ಹಣ್ಣು ಇದ್ದರೆ ಅದನ್ನು ಮೊದಲು ಚೀಲಕ್ಕೆ ಹಾಕಿ, ಆಮೇಲೆ ಕೊಂಬೆ ಎಳೆಯಿರಿ. ದೊಡ್ಡ ಮರದ ಕೆಳಗೆ ಹಕ್ಕಿಗಳು ಕೂತು ಬೀಜ ಹಾಕಿರುತ್ತವೆ, ಮುಂದಿನ ಸಲ ಬಂದಾಗ ಮೊದಲು ನೋಡಬೇಕಾದದ್ದು ಅಲ್ಲೇ.

ಪಾರ್ಥೇನಿಯಂ ಥರದ ವರ್ಷದ ಕಳೆಗಳಿಗೆ ಬೀಜವೇ ಬಲ. ಒಂದು ದೊಡ್ಡ ಗಿಡ 10,000ಕ್ಕೂ ಜಾಸ್ತಿ ಬೀಜ ಉದುರಿಸಬಲ್ಲದು. ಮಳೆಯ ನಂತರ ಮಣ್ಣು ಮೆತ್ತಗಿರುವಾಗ, ಹೂವಿಗೆ ಮುಂಚೆ, ಕೈಗವಸು ಹಾಕಿ ಬೇರು ಸಮೇತ ಕೀಳಿ. ಹೂ ಬಿಟ್ಟ ಮೇಲೆ ಕಿತ್ತರೆ ಚೀಲದಲ್ಲೇ ಹೊರಗೆ ಒಯ್ಯಬೇಕು.

ಕಡಿದಷ್ಟೂ ಚಿಗುರುವ ಮರಗಳಿಗೆ ಕೆಲವರು ಬುಡದ ಸುತ್ತ ಸಿಪ್ಪೆ ಸುಲಿಯುತ್ತಾರೆ, ಕೆಲವರು ಕಡಿದ ತಕ್ಷಣ ಬುಡದ ಹೊರ ಉಂಗುರಕ್ಕೆ ಕಳೆನಾಶಕ ಹಚ್ಚುತ್ತಾರೆ. ಆ ಔಷಧಿ ಹಚ್ಚೋದು ಪರವಾನಗಿ ಇದ್ದವರ ಕೆಲಸ, ನೀರಿನ ಹತ್ತಿರ ಬೇಡ. ನನ್ನ ಮಟ್ಟಿಗೆ ಅದು ಬೇರೆ ದಾರಿ ಇಲ್ಲದಾಗ ಮಾತ್ರ.

ಕಡಿದ ರಾಶಿಯನ್ನು ಸುಡಬೇಡಿ. ಬೀಜ ಇಲ್ಲದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡವಾಗಿ, ನೆಲಕ್ಕೆ ತಾಗುವ ಹಾಗೆ ಒತ್ತಿ ಮಲಗಿಸಿದರೆ ಮಣ್ಣು ಹಿಡಿಯುತ್ತದೆ. ಬೇರು ಬಿಡುವ ಜಾತಿಯಾದರೆ ಪೂರ್ತಿ ಒಣಗಿದ ಮೇಲೆ ಬಳಸಿ. ಸತ್ತ ಮರ ಯಾರ ತಲೆ ಮೇಲೂ ಬೀಳುವಂತಿಲ್ಲದಿದ್ದರೆ ಅದನ್ನು ನಿಲ್ಲಲು ಬಿಡಿ, ಪೊಟರೆಗಳಿಗೆ ಅದು ಬೇಕು.

6. ಮಣ್ಣು, ನೀರು

ಕೊರಕಲು ಬಿದ್ದಿದ್ದರೆ ದೊಡ್ಡ ಅಡ್ಡಗಟ್ಟೆ ಕಟ್ಟುವ ಆಸೆ ಬರುತ್ತದೆ. ಬೇಡ. ಎತ್ತರದ ಕಲ್ಲುಗುಡ್ಡೆ ದಾಟಿ ನೀರು ಧುಮುಕಿದರೆ ಕೆಳಗೆ ಹೊಸ ಗುಂಡಿ ಕೊರೆಯುತ್ತದೆ, ಪಕ್ಕದಿಂದ ನುಗ್ಗಿ ದಂಡೆ ಕಿತ್ತುಕೊಳ್ಳುತ್ತದೆ. ಒಂದೇ ಕಲ್ಲಿನ ಎತ್ತರಕ್ಕೆ, ಕೊರಕಲಿನ ತಳದಲ್ಲಿ ನಾಲ್ಕೈದು ಸಾಲು ಕಲ್ಲುಗಳನ್ನು ಒತ್ತೊತ್ತಾಗಿ ಹಾಸಿ. ಎರಡು ಬದಿಗೂ ದಂಡೆ ಮುಟ್ಟಲಿ, ನಡುಭಾಗ ಸ್ವಲ್ಪ ತಗ್ಗಿರಲಿ. ನೀರು ಅದರ ಮೇಲೆ ಹರಿದು ನಿಧಾನವಾಗುತ್ತದೆ, ಹೂಳು ಕಲ್ಲಿನ ಸಂದಿಯಲ್ಲಿ ಕೂರುತ್ತದೆ, ಆ ಹೂಳಿನಲ್ಲಿ ಹುಲ್ಲು ಬರುತ್ತದೆ. ಹುಲ್ಲು ಬಂದ ಮೇಲೆ ಅದರ ಮೇಲೆ ಇನ್ನೊಂದು ಪದರ. ಮೇಲಿನಿಂದ ಶುರು ಮಾಡಿ ಕೆಳಗೆ ಬನ್ನಿ.

ಕೊಳದಲ್ಲಿ ಜಲಕಳೆ ತೆಗೆಯುವಾಗ ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮುಟ್ಟಬೇಡಿ. ತೆಗೆದದ್ದನ್ನು ನೀರಿನ ಅಂಚಿನಲ್ಲೇ ಒಂದೆರಡು ದಿನ ಬಿಡಿ. ಹತ್ತಿರ ಕೂತು ನೋಡಿದರೆ ರಾಶಿಯೊಳಗಿಂದ ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರಜೀರುಂಡೆ, ಪುಟ್ಟ ಬಸವನಹುಳು ಒಂದೊಂದಾಗಿ ತೆವಳಿ ನೀರಿಗೆ ವಾಪಸ್ ಹೋಗುವುದು ಕಾಣುತ್ತದೆ. ಆಮೇಲೆ ರಾಶಿಯನ್ನು ದೂರ ಒಯ್ಯಿರಿ, ಇಲ್ಲದಿದ್ದರೆ ಅದು ಕೊಳೆತು ಗೊಬ್ಬರವೆಲ್ಲ ಮತ್ತೆ ನೀರಿಗೆ ಸೇರುತ್ತದೆ. ದಂಡೆ ಕಡಿದಾಗಿದ್ದರೆ ಒಂದು ಕಡೆಯಾದರೂ ಇಳಿಜಾರು ಮಾಡಿ.

7. ಹುಲ್ಲುಗಾವಲಿಗೆ ಬೇರೆ ಲೆಕ್ಕ

ದಯವಿಟ್ಟು ಹುಲ್ಲುಗಾವಲಿನಲ್ಲಿ ಮರ ನೆಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಖಾಲಿ ಕಾಣುವ ಆ ಬಯಲೇ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮನೆ, ಗಡ್ಡೆ ಗಿಡಗಳ ಮನೆ. ಮರ ಬಂದರೆ ನೆರಳು ಬರುತ್ತದೆ, ಬಿಸಿಲು ಬೇಕಾದವೆಲ್ಲ ಹೋಗುತ್ತವೆ.

ಹುಲ್ಲು ಕೊಯ್ಯುವುದು, ಮೇಯಿಸುವುದು, ಪರಿಣತರು ಹತೋಟಿಯಲ್ಲಿ ಬೆಂಕಿ ಹಾಕುವುದು, ಮೂರಕ್ಕೂ ಒಂದೇ ನಿಯಮ: ಇಡೀ ಜಾಗಕ್ಕೆ ಒಂದೇ ಸಲ ಮಾಡಬೇಡಿ. ಒಂದು ತುಂಡು ಗಿಡ್ಡ, ಒಂದು ಎತ್ತರ, ಒಂದು ಹಾಗೇ ಬಿಟ್ಟದ್ದು ಇರಲಿ, ಓಡಿಹೋಗಲು ಹುಳಹುಪ್ಪಟೆಗೆ ಜಾಗ ಬೇಕು. ಕೊಯ್ಯುವಾಗ ನಡುವಿನಿಂದ ಹೊರಕ್ಕೆ ಬನ್ನಿ. ಹೊರಗಿನಿಂದ ಸುತ್ತು ಹಾಕಿ ಒಳಕ್ಕೆ ಬಂದರೆ ಪ್ರಾಣಿಗಳೆಲ್ಲ ಕೊನೆಯ ತುಂಡಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹೂಗಿಡಗಳು ಬೇಕಾದ ಕಡೆ ಬೀಜ ಉದುರಿದ ಮೇಲೆ ಕೊಯ್ದು, ಹುಲ್ಲನ್ನು ಹೊರಗೆ ಒಯ್ಯಿರಿ. ಸಾರ ಕಡಿಮೆಯಾದಷ್ಟೂ ಜೋರಾಗಿ ಬೆಳೆಯುವ ಹುಲ್ಲು ತಗ್ಗಿ, ಸಣ್ಣ ಗಿಡಗಳಿಗೆ ಜಾಗ ಸಿಗುತ್ತದೆ.

ಕಾಡಿನ ಜಾಗದಲ್ಲೂ ಸಸಿ ನೆಡುವುದು ಕೊನೆಗೆ. ಎರಡು ಮಳೆ ಕಾಯಿರಿ, ಮಣ್ಣಿನಲ್ಲಿ ಮಲಗಿದ್ದ ಬೀಜಗಳು ಏನು ಕೊಡುತ್ತವೆ ನೋಡಿ. ಬರದೇ ಇದ್ದದ್ದನ್ನು ಮಾತ್ರ, ಹತ್ತಿರದ ಒಳ್ಳೆಯ ಕಾಡಿನಿಂದಲೇ ಬೀಜ ತಂದು ಬೆಳೆಸಿ ನೆಡಿ.

8. ಇದನ್ನೇ ಉದ್ಯೋಗ ಮಾಡಿಕೊಳ್ಳುವವರಿಗೆ

ಪದವಿ ಇದ್ದರೆ ಸಹಾಯ, ಇಲ್ಲದೆಯೂ ಈ ಕೆಲಸದಲ್ಲಿ ತುಂಬ ಜನ ಇದ್ದಾರೆ. ಮೊದಲ ಕೆಲಸ ಸಾಮಾನ್ಯವಾಗಿ ಕೆಲವು ತಿಂಗಳ ಗುತ್ತಿಗೆ ಆಗಿರುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಲಿ. ಪ್ರಥಮ ಚಿಕಿತ್ಸೆ, ಚೈನ್‌ಸಾ, ಜಿಪಿಎಸ್ ನಕ್ಷೆ, ಗಿಡ ಗುರುತಿಸುವಿಕೆ, ಇವುಗಳಲ್ಲಿ ಎರಡಾದರೂ ಚೆನ್ನಾಗಿ ಬರಲಿ. ಸಂದರ್ಶನಕ್ಕೆ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಒಂದೇ ಜಾಗದ ಎರಡು ವರ್ಷದ ಟಿಪ್ಪಣಿ ತೋರಿಸುವ ಹುಡುಗ ಹುಡುಗಿಯರನ್ನು ಕೆಲಸ ಗೊತ್ತಿದ್ದ ಯಾರೂ ಸುಮ್ನೆ ಕಳಿಸಲ್ಲ. ಬೆನ್ನು ಮತ್ತು ಮೊಣಕಾಲು ಬೇಗ ಸವೆಯುತ್ತವೆ, ಅದಕ್ಕೆ ಗಂಟೆಗೊಮ್ಮೆ ಕೆಲಸ ಬದಲಿಸಿಕೊಳ್ಳುವ ರೂಢಿ ಈಗಲೇ ಮಾಡಿಕೊಳ್ಳಿ.

9. ಮರಳಿ ಬರುವುದು

ಶುರು ಮಾಡುವ ದಿನವೇ ಅಲ್ಲಾಡದ ಒಂದು ಕಲ್ಲನ್ನೋ ಗೂಟವನ್ನೋ ಗುರುತು ಮಾಡಿ, ಅದರ ಪಕ್ಕ ನಿಂತು ಫೋಟೋ ತೆಗೆಯಿರಿ. ಯಾವ ದಿಕ್ಕು, ಫ್ರೇಮಿನ ಅಂಚಿನಲ್ಲಿ ಯಾವ ಮರ ಬಂದಿದೆ ಅಂತ ಬರೆದಿಡಿ. ಪ್ರತಿ ಸಲ ಬಂದಾಗ ಅದೇ ಫೋಟೋ, ಕೆಲಸಕ್ಕೆ ಮುಂಚೆ. ಜೊತೆಗೆ ಒಂದು ಮೀಟರ್ ಚೌಕದ ಕೆಲವು ಗುರುತು ಜಾಗಗಳಲ್ಲಿ ಕಳೆಯ ಸಸಿ ಎಷ್ಟು, ಅಲ್ಲಿನದೇ ಗಿಡದ ಸಸಿ ಎಷ್ಟು, ಬರಿ ಮಣ್ಣು ಎಷ್ಟು ಅಂತ ಎಣಿಸಿ.

ಲಂಟಾನ ತೆಗೆದ ಕಡೆ ಮೊದಲ ಮಳೆ ಬಿದ್ದು ಐದಾರು ವಾರಕ್ಕೆ ಒಮ್ಮೆ ಬನ್ನಿ, ಎಳೆ ಸಸಿಗಳು ಎರಡು ಬೆರಳಲ್ಲಿ ಬರುತ್ತವೆ. ಮಳೆ ಮುಗಿಯುವ ಹೊತ್ತಿಗೆ ಇನ್ನೊಮ್ಮೆ, ಹೂವಿಗೆ ಮುಂಚೆ ಮತ್ತೊಮ್ಮೆ. ಎರಡನೇ ವರ್ಷವೂ ಅಷ್ಟೇ. ಮೂರನೇ ವರ್ಷದಿಂದ ಕಡಿಮೆಯಾಗುತ್ತದೆ. ಪ್ರತಿ ಸಲ ಎಷ್ಟು ಜನ, ಎಷ್ಟು ಗಂಟೆ ಕೆಲಸ ಅಂತ ಬರೆಯಿರಿ, ಜಾಗ ಸುಧಾರಿಸುತ್ತಿದೆಯಾ ಅನ್ನೋದಕ್ಕೆ ನನಗೆ ಆ ಅಂಕಿಯೇ ಎಲ್ಲಕ್ಕಿಂತ ನಂಬಿಕೆಯದ್ದು. ನಮ್ಮ ಆ ಇಳಿಜಾರಿನ ಮೇಲ್ತುದಿಯಲ್ಲಿ, ಹಳೆಯ ಹುಲ್ಲಿನ ಅಂಚಿನಿಂದ ಮತ್ತೆ ಶುರು ಮಾಡಿದ ಮೊದಲ ಪಟ್ಟಿಗೆ ಆ ವರ್ಷ ಆರು ಜನರ ನಾಲ್ಕು ದಿನ ಹಿಡಿದಿತ್ತು. ಕಳೆದ ಸಲ ಇಬ್ಬರೇ ಹೋಗಿದ್ದೆವು. ಊಟದ ಹೊತ್ತಿಗೆ ಮುಗಿಯಿತು, ಇಪ್ಪತ್ತಮೂರು ಸಸಿ ಕಿತ್ತಿದ್ದೆವು, ಕೊರಕಲಿನ ಕಲ್ಲುಗಳು ಹುಲ್ಲಿನಡಿ ಎಲ್ಲಿವೆ ಅಂತ ಕಾಲಲ್ಲಿ ತಡವಿ ಹುಡುಕಬೇಕಾಯಿತು.